ಮಾವನವರ ಕಂಪ್ಯೂಟರ್ ಕೇಳುತ್ತಿದ್ದ ಪ್ರಶ್ನೆ

ಹೋದ ವರ್ಷ ದಸರಾ ಗೊಂಬೆಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದ ಮರುವಾರ ಇದು ಶುರುವಾಯಿತು. ಮುಗಿದದ್ದು ದೀಪಾವಳಿ ಕಳೆದ ಮೇಲೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಬರೆದರೆ ನಮ್ಮ ಬೀದಿಯವರು ಓದುತ್ತಾರೆ, ನನ್ನ ಜೊತೆ ಶ್ಲೋಕದ ಕ್ಲಾಸಿಗೆ ಬರುವವರು ಓದುತ್ತಾರೆ. ಓದಲಿ ಎಂದುಕೊಂಡೇ ಈಗ ಕುಳಿತಿದ್ದೇನೆ.

ನಮ್ಮದು ಬಸವೇಶ್ವರನಗರದಲ್ಲಿ ಒಂದು ಹಳೆಯ ಮನೆ. ನಾನು, ನನ್ನ ಯಜಮಾನರು ಮುರಳಿ, ಮಾವನವರು, ಮೂರೇ ಜನ. ಮಗಳು ನಿಧಿ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಅವಳು ಹೈಸ್ಕೂಲಿನಲ್ಲಿದ್ದಾಗ ಕೊಂಡ ಕಂಪ್ಯೂಟರ್ ಒಂದು ನಮ್ಮ ಹಾಲಿನ ಮೂಲೆಯಲ್ಲಿ ಈಗಲೂ ಇದೆ. ಅದಕ್ಕೆ ನಾನೇ ಕ್ರಾಸ್ ಸ್ಟಿಚ್ ಹಾಕಿದ ಹೊದಿಕೆ ಹೊಲಿದಿದ್ದೇನೆ. ನಿಧಿ ಹೋದ ಮೇಲೆ ಆ ಕಂಪ್ಯೂಟರ್ ಮಾವನವರದಾಯಿತು.

ಮಾವನವರು ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಬೆರಳಚ್ಚುಗಾರರಾಗಿದ್ದು ನಿವೃತ್ತರಾದವರು. ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಕೈ. ಈಗಲೂ ಹತ್ತೂ ಬೆರಳು ಆಡುತ್ತವೆ. ಒಂದು ಸಾಲು ಮುಗಿದ ಕೂಡಲೇ ಅವರ ಎಡಗೈ ತಾನಾಗಿ ಮೇಲೇಳುತ್ತದೆ. ಹಳೆಯ ಯಂತ್ರದಲ್ಲಿ ಸಾಲು ಮುಗಿದಾಗ ಹಿಡಿ ತಳ್ಳಬೇಕಲ್ಲ, ಆ ಅಭ್ಯಾಸ. ಇಲ್ಲದ ಹಿಡಿಯನ್ನು ಹುಡುಕಿ, ನೆನಪಾಗಿ, ನಾಚಿಕೊಂಡು ಕೈ ಕೆಳಗಿಳಿಯುತ್ತದೆ. ಅಡುಗೆಮನೆಯ ಬಾಗಿಲಿನಿಂದ ಅದನ್ನು ಎಷ್ಟೋ ಸಲ ನೋಡಿ ನಕ್ಕಿದ್ದೇನೆ.

ಟೈಪ್‌ರೈಟರಿನವರಿಗೆ ‘ಸೇವ್ ಮಾಡುವುದು’ ಎಂಬುದು ತಲೆಗೆ ಹತ್ತುವುದು ಕಷ್ಟ. ‘ಹೊಡೆದ ಅಕ್ಷರ ಕಾಗದದ ಮೇಲೆ ಬಿತ್ತು ಅಂದ್ಮೇಲೆ ಎಲ್ಲಿಗಮ್ಮ ಹೋಗುತ್ತೆ?’ ಎನ್ನುತ್ತಿದ್ದರು. ಕೊನೆಗೆ ನಿಧಿಯೇ ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದಳು. ‘ತಾತ, ನೀವು ಏನೂ ತಲೆ ಕೆಡಿಸ್ಕೋಬೇಡಿ. ಎಲ್ಲಾ ಮುಗಿದ ಮೇಲೆ ಶಟ್ ಡೌನ್ ಒತ್ತಿ. ಬರೆದಿದ್ದು ಸೇವ್ ಆಗಿಲ್ದಿದ್ರೆ ಅದೇ ಕೇಳುತ್ತೆ. ಸೇವ್ ಅಂತ ಒತ್ತಿ, ಮತ್ತೆ ಶಟ್ ಡೌನ್ ಮಾಡಿ, ಅಷ್ಟೇ.’ ಮಾವನವರು ಅದನ್ನು ವ್ರತದಂತೆ ಪಾಲಿಸುತ್ತಿದ್ದರು. ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಕುಳಿತು ನಾಲ್ಕೂವರೆಗೆ ಶಟ್ ಡೌನ್ ಒತ್ತುವರು. ಯಂತ್ರ ನಿಂತು, ಬರೆದದ್ದನ್ನು ಉಳಿಸಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳುವುದು. ಮಾವನವರು ಕನ್ನಡಕ ಸರಿಮಾಡಿಕೊಂಡು ಪ್ರತಿದಿನವೂ ಅದನ್ನು ಪೂರ್ತಿ ಓದಿ, ‘ಹೂಂ ಕಣಪ್ಪ, ಬೇಕು, ಬೇಕು’ ಎಂದು ಜೋರಾಗಿ ಉತ್ತರ ಕೊಟ್ಟು ಒತ್ತುವರು. ಕಾಫಿಗೆ ಹಾಲು ಕಾಯಿಸುವಾಗ ಈ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಆಮೇಲೆ ಅವರು ಚಪ್ಪಲಿ ಮೆಟ್ಟಿ ಪಾರ್ಕಿಗೆ ಹೊರಡುತ್ತಿದ್ದರು.

ತೊಂದರೆ ನನಗಿತ್ತು. ನಮ್ಮಲ್ಲಿ ಒಮ್ಮೆ ಯುಪಿಎಸ್ ಸುಟ್ಟು ಹೊಗೆಯಾಡಿದ್ದರಿಂದ, ಮನೆ ಬಿಟ್ಟು ಹೊರಡುವಾಗ ಗೋಡೆಯ ಸ್ವಿಚ್ಚು ಆರಿಸಲೇಬೇಕು ಎಂಬ ಕಟ್ಟುನಿಟ್ಟು. ಆದರೆ ಕಂಪ್ಯೂಟರ್ ತಾನಾಗಿ ಕಪ್ಪಾಗುವ ಮುಂಚೆ ಸ್ವಿಚ್ಚು ಆರಿಸಬಾರದು. ಮಾವನವರು ಹೋದ ಮೇಲೂ ಪರದೆಯ ಮೇಲೆ ಆ ಪುಟ್ಟ ಚುಕ್ಕಿಗಳ ಚಕ್ರ ತಿರುಗುತ್ತಲೇ ಇರುತ್ತಿತ್ತು. ಐದು ನಿಮಿಷ, ಕೆಲವು ದಿನ ಏಳು ನಿಮಿಷ. ಐದು ಗಂಟೆಗೆ ನನಗೆ ಎರಡು ಬೀದಿಯಾಚೆ ಶ್ಲೋಕದ ಕ್ಲಾಸು. ಸೀರೆ ಉಟ್ಟು, ಪುಸ್ತಕ ಹಿಡಿದು, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಾನು ಆ ಚಕ್ರವನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ದಿನಾ ತಡ. ದಿನಾ ಹಿಂದಿನ ಸಾಲು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಮನೆಗೆ ಇಂಗ್ಲಿಷಿನ ಯಾವ ಕಾಗದ ಬಂದರೂ ಓದಿ ಹೇಳುವವಳು ನಾನೇ, ಯಾವ ಫಾರ್ಮು ತುಂಬುವವಳೂ ನಾನೇ. ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆ. ಹಾಗಾಗಿ ಒಂದು ಸೋಮವಾರ ಬೆಳಗ್ಗೆ, ಯಜಮಾನರು ಪೀಣ್ಯದ ಫ್ಯಾಕ್ಟರಿಗೆ ಹೋದ ಮೇಲೆ, ಕಂಪ್ಯೂಟರ್ ಬೇಗ ಆರುವಂತೆ ಮಾಡುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದೆ. ಒಂದು ಪುಟ ಸಿಕ್ಕಿತು. ಯಾವ ಪದ ಟೈಪ್ ಮಾಡಿದರೆ ಯಾವ ಕಿಟಕಿ ತೆರೆಯುತ್ತದೆ, ಅದರಲ್ಲಿ ಕೊಂಬೆಯೊಳಗೆ ಕೊಂಬೆಯಂತೆ ಇಳಿದು ಯಾವ ಸಾಲನ್ನು ಹುಡುಕಬೇಕು, ಎಲ್ಲವನ್ನೂ ಒಂದೊಂದಾಗಿ ಬರೆದಿದ್ದರು. ಎರಡು ಬದಲಾವಣೆ. ಒಂದು ಕಡೆ, ಯಂತ್ರ ಎಷ್ಟು ಹೊತ್ತು ಕಾಯಬೇಕು ಎಂಬ ದೊಡ್ಡ ಅಂಕಿಯನ್ನು ಚಿಕ್ಕದು ಮಾಡುವುದು. ಇನ್ನೊಂದು ಕಡೆ, ಸೊನ್ನೆ ಇದ್ದಲ್ಲಿ ಒಂದು ಹಾಕುವುದು. ಒಂದು ಹಾಕಿದರೆ, ತೆರೆದೇ ಉಳಿದ ಕೆಲಸಗಳನ್ನು ಕಂಪ್ಯೂಟರ್ ಯಾರನ್ನೂ ಕೇಳದೆ ತಾನೇ ಮುಚ್ಚಿಬಿಡುತ್ತದೆ.

ಪುಟದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆಯೂ ಇತ್ತು. ಉಳಿಸದ ಕೆಲಸ ಅಳಿಸಿಹೋಗಬಹುದು ಎಂದು. ಅದನ್ನು ನಾನು ಓದಿದೆ. ಓದಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಓದಿ, ಇದು ಆಫೀಸಿನವರಿಗೆ ಹೇಳಿದ್ದಿರಬೇಕು, ನಮ್ಮ ಮನೆಯಲ್ಲಿ ಅಂಥ ಕೆಲಸ ಯಾರದಿದೆ ಎಂದುಕೊಂಡು ಮುಂದೆ ಹೋದೆ.

ಅಂದು ಸಂಜೆ ಮಾವನವರು ಶಟ್ ಡೌನ್ ಒತ್ತಿ ಎದ್ದು, ಚಪ್ಪಲಿ ಮೆಟ್ಟುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಕ್ಲಾಸಿನಲ್ಲಿ ನನಗೆ ಮೊದಲ ಸಾಲು ಸಿಕ್ಕಿತು. ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರಿಗೆ ಹೇಳಿದರೆ, ‘ಪರವಾಗಿಲ್ವೇ, ಎಂಜಿನಿಯರ್ ಮನೇಲೇ ಇದ್ದಾಳೆ’ ಎಂದರು. ನಿಧಿಗೆ ಫೋನಿನಲ್ಲಿ ಹೇಳಿದೆ. ‘ಅಮ್ಮಾ, ನೀನು ಹ್ಯಾಕರ್ ಕಣೇ!’ ಎಂದು ಕೂಗಿದಳು. ಮಾವನವರಿಗೆ ಮಾತ್ರ ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಆ ದಿನಗಳಲ್ಲಿ ಅವರು ಒಂದು ಲೇಖನ ಬರೆಯುತ್ತಿದ್ದರು. ನಮ್ಮ ಬಡಾವಣೆಯ ಹಿರಿಯರ ಸಂಘದವರು ಒಂದು ಸ್ಮರಣ ಸಂಚಿಕೆ ತರುವವರಿದ್ದರು. ಬಡಾವಣೆಯ ಆರಂಭದ ದಿನಗಳ ಬಗ್ಗೆ ಬರೆಯುವ ಕೆಲಸ ಮಾವನವರ ಪಾಲಿಗೆ ಬಂದಿತ್ತು. ಮೊದಲ ಮನೆ ಯಾರದು, ನೀರು ಸೇದುತ್ತಿದ್ದ ಬಾವಿ ಈಗ ಯಾರ ಕಾರ್ ಶೆಡ್ಡಿನ ಕೆಳಗಿದೆ, ಬೀದಿಗೆ ಮೊದಲ ದೀಪದ ಕಂಬ ಬಂದ ದಿನ ಯಾರು ಯಾರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು, ಎಲ್ಲ ಅವರ ನೆನಪಿನಲ್ಲಿತ್ತು. ‘ಇದನ್ನೆಲ್ಲ ಬಲ್ಲವನು ನಾನೊಬ್ಬನೇ ಉಳ್ಕೊಂಡಿದೀನಿ ಕಣಮ್ಮ’ ಎಂದು ಸಂಭ್ರಮದಿಂದ ಹೇಳುತ್ತಿದ್ದರು. ಆಗಲೇ ನಾಲ್ಕು ಪುಟ ಆಗಿತ್ತು.

ಮಂಗಳವಾರ ಮಧ್ಯಾಹ್ನ ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಹಾಲಿನಿಂದ ಕರೆದರು. ‘ಶೈಲಾ, ಇಲ್ಲಿ ಸ್ವಲ್ಪ ಬಾಮ್ಮ. ನಿನ್ನೆ ಬಾವಿ ವಿಷಯ ಎರಡು ಪುಟ ಹೊಡೆದಿದ್ದೆ. ಕಾಣ್ತಾನೇ ಇಲ್ಲ.’

ನಾನು ಹೋಗಿ ನೋಡಿದೆ. ಹಳೆಯ ನಾಲ್ಕು ಪುಟ ಮಾತ್ರ ಇತ್ತು. ‘ಸೇವ್ ಮಾಡೋದು ಮರೆತಿರ್ತೀರ ಮಾವ’ ಎಂದೆ.

‘ಮಾಡ್ತೀನಲ್ಲಮ್ಮ, ಅದು ಕೇಳಿದಾಗ.’

‘ನಿನ್ನೆ ಕೇಳ್ತಾ?’

‘ದಿನಾ ಕೇಳುತ್ತಲ್ಲ... ನಿನ್ನೇನೂ ಕೇಳಿರ್ಬೇಕು.’

ದಿನವೂ ಆಗುವ ಸಂಗತಿ ನಿನ್ನೆ ಆಯಿತೋ ಇಲ್ಲವೋ ಯಾರಿಗೆ ತಾನೇ ನೆನಪಿರುತ್ತದೆ? ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನಾನೇ ಬೀದಿಯ ತುದಿಯಿಂದ ಎಷ್ಟು ಸಲ ಹಿಂದಿರುಗಿಲ್ಲ. ಆದರೆ ಆಗ ನಾನು ಹೇಳಿದ್ದು ಬೇರೆ. ‘ಇಲ್ಲ ಮಾವ, ಮರೆತಿದೀರ ನೀವು’ ಎಂದು ಇನ್ನೊಂದು ಸಲ ಹೇಳಿ ನನ್ನ ಹುರುಳಿಕಾಯಿಗೆ ವಾಪಸಾದೆ.

ಅವರು ಅದೇ ಎರಡು ಪುಟವನ್ನು ಮತ್ತೆ ಟೈಪ್ ಮಾಡಿದರು. ಬುಧವಾರ ನೋಡಿದರೆ ಅದೂ ಇಲ್ಲ. ಗುರುವಾರ ಬೆಳಗ್ಗೆ ತಿಂಡಿ ಮುಗಿಸಿ ಹತ್ತು ಗಂಟೆಗೇ ಕುಳಿತು, ಊಟಕ್ಕೆ ಮಾತ್ರ ಎದ್ದು, ಬಾವಿಯಿಂದ ದೀಪದ ಕಂಬದವರೆಗೆ ಐದು ಪುಟ ಮುಗಿಸಿದರು. ‘ಇವತ್ತು ಕೈ ಓಡ್ತು ಕಣಮ್ಮ’ ಎಂದು ಬೆರಳ ಗಂಟುಗಳನ್ನು ಒತ್ತಿಕೊಳ್ಳುತ್ತಾ ಪಾರ್ಕಿಗೆ ಹೋದರು. ಶುಕ್ರವಾರ ಹೊದಿಕೆ ತೆಗೆದು ತೆರೆದರು. ಅದೇ ನಾಲ್ಕು ಪುಟ. ಈ ಸಲ ನನ್ನನ್ನು ಕರೆಯಲಿಲ್ಲ. ನಾನು ಕಾಫಿ ತೆಗೆದುಕೊಂಡು ಹೋದಾಗ ಎರಡೂ ಕೈಗಳನ್ನು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡು, ಶಾಲೆಯಲ್ಲಿ ಪೆಟ್ಟು ತಿಂದ ಮಗುವಿನಂತೆ ಪರದೆ ನೋಡುತ್ತಾ ಕುಳಿತಿದ್ದರು.

‘ನಾನು ಹೊಡೆದಿದ್ದೆ ಅಲ್ವಾ ಶೈಲಾ? ನಿನ್ನೆ? ನೀನು ನೋಡಿದ್ಯಲ್ಲ?’

‘ನೋಡಿದೆ ಮಾವ. ಕೂತಿದ್ರಿ.’

‘ಕೂತಿದ್ದೆ, ಸರಿ. ಹೊಡೆದಿದ್ದೆನಾ?’

ಆ ರಾತ್ರಿ ಊಟದ ಹೊತ್ತಿನಲ್ಲಿ ಅವರು ಮಗನ ಮುಂದೆ ತಾವೇ ಮಾತು ತೆಗೆದರು. ‘ಅಣ್ಣಂಗೂ ಹೀಗೇ ಶುರುವಾಗಿದ್ದು ಕಣೋ. ಕುಂಡಕ್ಕೆ ನೀರು ಹಾಕಿದೀನಿ ಅಂತಿದ್ದ. ಹೋಗಿ ನೋಡಿದ್ರೆ ಮಣ್ಣು ಒಣಗಿರ್ತಿತ್ತು.’

ಮಾವನವರ ಅಣ್ಣ ಹೊಸಹಳ್ಳಿಯಲ್ಲಿದ್ದರು. ಕೊನೆಯ ನಾಲ್ಕು ವರ್ಷ ಅವರಿಗೆ ಹೆಂಡತಿಯ ಗುರುತೂ ಸಿಗುತ್ತಿರಲಿಲ್ಲ. ಮಾವನವರು ದಿನ ಬಿಟ್ಟು ದಿನ ಹೋಗಿ ಅವರಿಗೆ ಶೇವ್ ಮಾಡಿ ಬರುತ್ತಿದ್ದರು. ಯಜಮಾನರು ಸಾರಿನ ಬಟ್ಟಲನ್ನು ಸುಮ್ಮನೆ ಹತ್ತಿರಕ್ಕೆ ಎಳೆದುಕೊಂಡರು.

ಶನಿವಾರ ಸಂಘದ ಪುಟ್ಟಸ್ವಾಮಿಯವರು ಲೇಖನ ಕೇಳಿಕೊಂಡು ಬಂದರು. ಮಾವನವರ ಪಾರ್ಕಿನ ಗೆಳೆಯ, ಬಾಯಿ ತುಂಬ ತಮಾಷೆ. ‘ಏನಯ್ಯ ಟೈಪಿಸ್ಟು, ನಾಲ್ಕೇ ಪುಟಕ್ಕೆ ರಿಬ್ಬನ್ ಒಣಗೋಯ್ತಾ?’ ಎಂದು ನಕ್ಕರು. ಬೇರೆ ದಿನವಾಗಿದ್ದರೆ ಮಾವನವರು ಸರಿಯಾಗಿ ತಿರುಗಿಸಿ ಕೊಡುತ್ತಿದ್ದರು. ಅಂದು, ‘ಒಣಗಿದ ಹಾಗೇ ಕಾಣುತ್ತೆ’ ಎಂದರು. ಪುಟ್ಟಸ್ವಾಮಿಯವರ ನಗು ಅರ್ಧಕ್ಕೇ ನಿಂತಿತು.

ನನಗೆ ಸತ್ಯ ಹೊಳೆದದ್ದು ಮರು ಸೋಮವಾರ. ಮಾವನವರು ಹಿಂಜರಿಯುತ್ತಲೇ ಕುಳಿತು ಅರ್ಧ ಪುಟ ಹೊಡೆದಿದ್ದರು. ಹಾಲು ಆಗಲೇ ಉಕ್ಕಿ ಒಲೆ ಕೊಳೆಯಾಗಿದ್ದರಿಂದ ನಾನು ಅದನ್ನು ಒರೆಸುತ್ತಾ ಇದ್ದೆ. ಚಪ್ಪಲಿಯ ಸದ್ದು ಕೇಳಿತು, ಗೇಟಿನ ಸದ್ದು ಕೇಳಿತು. ಏನೋ ಒಂದು ಬಿಟ್ಟುಹೋಗಿದೆ ಅನ್ನಿಸಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬಂಥ ಒಂದು ಅನುಮಾನ. ಒರೆಸುವ ಬಟ್ಟೆ ಕೈಯಲ್ಲಿ ಹಾಗೇ ನಿಂತಿತು. ‘ಹೂಂ ಕಣಪ್ಪ, ಬೇಕು, ಬೇಕು’ ಎಂಬ ಮಾತು ಕೇಳಿಸಿರಲಿಲ್ಲ. ಇಂದು ಮಾತ್ರವಲ್ಲ, ಒಂದು ವಾರದಿಂದ ಕೇಳಿಸಿರಲಿಲ್ಲ.

ಯಂತ್ರ ಕೇಳುವುದನ್ನೇ ನಿಲ್ಲಿಸಿತ್ತು. ನಿಲ್ಲಿಸಿದವಳು ನಾನು.

ಸಣ್ಣಪುಟ್ಟದ್ದನ್ನೆಲ್ಲ ಗಮನಿಸುವವಳು ಎಂದು ನನಗೆ ಹೆಸರು. ಯಾರ ಬಳೆಗಳಲ್ಲಿ ಒಂದು ಕಡಿಮೆಯಾಗಿದೆ, ಯಾರ ಧ್ವನಿ ಇಂದು ಒಡೆದಿದೆ, ನನಗೆ ಮೊದಲು ತಿಳಿಯುತ್ತದೆ. ಆದರೆ ನನ್ನ ಅನುಕೂಲಕ್ಕೆ ಅಡ್ಡ ಬರುವ ಸಂಗತಿಯನ್ನು ನನ್ನ ಕಿವಿ ಒಂದು ವಾರ ಗಮನಿಸದೆ ಬಿಟ್ಟಿತ್ತು.

ಕ್ಲಾಸಿಗೆ ಹೋಗಲಿಲ್ಲ. ಆಗಲೇ ಕುಳಿತು, ಒಂದು ಇದ್ದಲ್ಲಿ ಮತ್ತೆ ಸೊನ್ನೆ ಹಾಕಿದೆ. ಅಂಕಿಯನ್ನೂ ಮೊದಲಿನಂತೆ ಮಾಡಿದೆ. ನಾಳೆಯಿಂದ ಅದು ಕೇಳುತ್ತದೆ, ಅವರು ಬೇಕು ಎನ್ನುತ್ತಾರೆ, ಲೇಖನ ಮುಗಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡೆ. ಮಾವನವರು ಬಂದ ಕೂಡಲೇ ಹೇಳಿಬಿಡಬೇಕು ಎಂದೂ ಒಂದು ಕ್ಷಣ ಅನ್ನಿಸಿತು. ಆದರೆ ‘ಮರೆತಿದೀರ ನೀವು’ ಎಂದು ಎರಡೆರಡು ಸಲ ಹೇಳಿದವಳು ನಾನು. ಮನೆಯ ಎಂಜಿನಿಯರ್ ನಾನು. ಬಾಯಿ ಬರಲಿಲ್ಲ.

ಅವರು ಪಾರ್ಕಿನಿಂದ ಬಂದು ಕೈಕಾಲು ತೊಳೆದು ಹೇಳಿದರು. ‘ಪುಟ್ಟಸ್ವಾಮಿಗೆ ಹೇಳಿ ಬಂದೆ. ಲೇಖನ ಬೇರೆ ಯಾರ ಕೈಲಾದ್ರೂ ಬರೆಸು ಅಂದೆ. ನಿನ್ನೆ ಹೊಡೆದಿದ್ದು ಇವತ್ತು ನೆನಪಿಲ್ದೋನು ನಲವತ್ತು ವರ್ಷದ ಹಿಂದಿನ ಬಾವಿ ಬಗ್ಗೆ ಏನ್ ಬರೀತಾನೆ? ನಾಳೆ ಅದೂ ಸುಳ್ಳು ಅಂತಾದ್ರೆ?’

ಕಂಪ್ಯೂಟರಿಗೆ ಹೊದಿಕೆ ಹಾಕಿ ಅಂಚುಗಳನ್ನು ನೇರ ಮಾಡಿದರು. ಮತ್ತೆ ಅದರ ಮುಂದೆ ಕೂರಲಿಲ್ಲ. ನಾನು ಕದ್ದುಮುಚ್ಚಿ ಸರಿಪಡಿಸಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ.

ಆ ಭಾನುವಾರ ಯಜಮಾನರು ಯಾವುದೋ ಕೆಲಸಕ್ಕೆ ಕಂಪ್ಯೂಟರ್ ಬಳಸಿ ಆರಿಸಲು ಹೋದಾಗ, ‘ಏನೇ ಇದು, ಮತ್ತೆ ನಿಧಾನ ಆಗಿದೆಯಲ್ಲ?’ ಎಂದರು. ‘ಹಳೇ ಮಷೀನ್ ಅಲ್ವಾ’ ಎಂದೆ. ಸುಳ್ಳು ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಭಯವಾಯಿತು.

ಮಾವನವರೇ ಹಟ ಹಿಡಿದು ಡಾಕ್ಟರ ಹತ್ತಿರ ಹೊರಟರು. ಮಗನಿಗೆ ರಜೆ ಸಿಗಲಿಲ್ಲ, ನಾನು ಜೊತೆಗೆ ಹೋದೆ. ವಿಜಯನಗರದ ಒಂದು ಕ್ಲಿನಿಕ್. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸಂದರ್ಶನಕ್ಕೆ ಹೋಗುವವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ಮೃದು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ಗಡಿಯಾರದ ಚಿತ್ರ ಬರೆಸಿದರು. ಮಾವನವರು ಬರೆದ ಆರರ ಅಂಕಿ ಸ್ವಲ್ಪ ಪಕ್ಕಕ್ಕೆ ಹೋಯಿತು. ‘ಅಳಿಸಿ ಬರೀಬಹುದಾ?’ ಎಂದು ಕೇಳಿದರು.

ಯಾವಾಗಿನಿಂದ ಹೀಗೆ ಎಂದು ಡಾಕ್ಟರ್ ಕೇಳಿದಾಗ ಅವರು ಎಲ್ಲವನ್ನೂ ವಿವರವಾಗಿ ಹೇಳಿದರು. ಸೋಮವಾರದ ಎರಡು ಪುಟ, ಮಂಗಳವಾರದ್ದು, ಗುರುವಾರದ ಐದು ಪುಟ. ಯಾವ ಪುಟದಲ್ಲಿ ಏನಿತ್ತು ಎಂದೂ ಹೇಳಿದರು. ಇಷ್ಟು ನೆನಪಿರುವವರಿಗೆ ಮರೆವು ಎಲ್ಲಿಂದ ಬಂತು ಎಂದು ಆ ಡಾಕ್ಟರಿಗೂ ಅನ್ನಿಸಿರಬೇಕು. ನನ್ನ ಕಡೆ ತಿರುಗಿ, ‘ಮನೇಲಿ ದಿನವಿಡೀ ಇರೋರು ನೀವಲ್ವಾ? ನಿಮಗೇನನ್ಸುತ್ತೆ?’ ಎಂದರು.

ಬಾಗಿಲು ತೆರೆದಂತಾಗಿತ್ತು. ಒಂದು ಮಾತು ಸಾಕಿತ್ತು. ಮಾವನವರ ಕೈಗಳು ಛತ್ರಿಯ ಹಿಡಿಯ ಮೇಲಿದ್ದವು. ನಾನು ಅದನ್ನೇ ನೋಡುತ್ತಾ, ‘ಹೂಂ... ಸ್ವಲ್ಪ ಮರೀತಾರೆ ಡಾಕ್ಟ್ರೇ’ ಎಂದೆ.

ಡಾಕ್ಟರ್ ಬರೆದುಕೊಂಡರು. ಕೆಲವು ಪರೀಕ್ಷೆ ಬರೆದುಕೊಟ್ಟು, ಸದ್ಯಕ್ಕೆ ಒಬ್ಬರನ್ನೇ ದೂರ ಕಳಿಸಬೇಡಿ ಎಂದರು. ವಾಪಸ್ ಬರುವಾಗ ಆಟೋ ಸಿಗ್ನಲಿನಲ್ಲಿ ನಿಂತಾಗ ಮಾವನವರು ನನ್ನ ಕಡೆ ತಿರುಗಿ ಹೇಳಿದರು. ‘ನೀನು ಮುಚ್ಚಿಡದೆ ನಿಜ ಹೇಳಿದ್ದು ಒಳ್ಳೇದಾಯ್ತಮ್ಮ. ಎಷ್ಟೋ ಮನೇಲಿ ಹೇಳಲ್ಲ.’

ನಾನು ರಸ್ತೆಯ ಕಡೆ ನೋಡಿದೆ. ಕಾನ್ವೆಂಟಿನಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ನಾವು ಆ ವಾರ ಮಾಡಿದ ತಪ್ಪನ್ನು ಎದ್ದು ನಿಂತು ಹೇಳಬೇಕಿತ್ತು. ನಾನು ಪ್ರತಿವಾರ ಧೈರ್ಯವಾಗಿ ಹೇಳುತ್ತಿದ್ದೆ. ಗೆಳತಿಯ ಸ್ಕೇಲು ಮುರಿದೆ, ಪ್ರಾರ್ಥನೆಯಲ್ಲಿ ಮಾತಾಡಿದೆ. ಹೇಳಿ ಮುಗಿಸಿ ಕುಳಿತಾಗ ಸಿಸ್ಟರ್ ತಲೆ ಸವರುತ್ತಿದ್ದರು. ತಲೆ ಸವರಿಸಿಕೊಳ್ಳುವಂಥ ತಪ್ಪುಗಳನ್ನು ಮಾತ್ರ ನಾನು ಹೇಳುತ್ತಿದ್ದೆ ಎಂದು ಆ ಆಟೋದಲ್ಲಿ ನನಗೆ ಅರ್ಥವಾಯಿತು.

ಮನೆಗೆ ಬಂದವರೇ ಮಾವನವರು ತಮ್ಮ ಸ್ಕೂಟರಿನ ಬೀಗದ ಕೈಯನ್ನು ಮಗನ ಮೇಜಿನ ಮೇಲೆ ಇಟ್ಟರು. ಪಾರ್ಕಿಗೆ ಹೋಗುವುದೂ ನಿಂತಿತು. ದೀಪಾವಳಿಗೆ ನಿಧಿ ಬಂದಳು. ‘ತಾತ ಯಾಕಮ್ಮ ಇಷ್ಟು ಸೈಲೆಂಟು?’ ಎಂದು ಅಡುಗೆಮನೆಗೆ ಬಂದು ಕೇಳಿದಳು. ‘ವಯಸ್ಸಾಯ್ತಲ್ಲ’ ಎಂದೆ, ಹೋಳಿಗೆ ತಟ್ಟುತ್ತಾ. ಲೆಕ್ಕ ಹಾಕಿದರೆ ಅದು ನನ್ನ ಮೂರನೆಯ ಸುಳ್ಳು.

ಹಬ್ಬ ಮುಗಿದು ನಿಧಿ ಹೊರಟ ಮರುದಿನ, ರಾಶಿ ಬಿದ್ದಿದ್ದ ಬಟ್ಟೆಗಳನ್ನು ಮೆಷಿನ್ನಿಗೆ ಹಾಕುವ ಮೊದಲು ಜೇಬುಗಳನ್ನು ತಡವುತ್ತಿದ್ದೆ. ಮಾವನವರ ಬಿಳಿ ಅಂಗಿಯ ಜೇಬಿನಲ್ಲಿ ಹಳೆಯ ಬಸ್ ಪಾಸಿನ ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಪಾಸ್ ಇರಲಿಲ್ಲ, ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಅಂಚಿಗೆ ಗೆರೆ ಎಳೆದು ದುಂಡಗೆ ಬರೆದಿದ್ದರು.

‘ನನ್ನ ಹೆಸರು ನಾಗರಾಜಯ್ಯ. ನನಗೆ ಮರೆವು ಇದೆ. ದಾರಿ ತಿಳಿಯದೆ ನಿಂತಿರುವುದು ಕಂಡರೆ ದಯವಿಟ್ಟು ನನ್ನ ಸೊಸೆ ಶೈಲಾಗೆ ಫೋನ್ ಮಾಡಿ. ಅವಳು ಮನೆಯಲ್ಲೇ ಇರುತ್ತಾಳೆ.’

ಕೆಳಗೆ ನನ್ನ ನಂಬರು. ಮಗನದಲ್ಲ, ನನ್ನದು.

ಮೆಷಿನ್ನಿನ ಮುಚ್ಚಳ ತೆರೆದೇ ಇತ್ತು. ಆ ಕಾಗದ ಹಿಡಿದುಕೊಂಡೇ ಹಾಲಿಗೆ ಹೋದೆ. ಮಾವನವರು ಪೇಪರ್ ಓದುತ್ತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ, ‘ಓ, ಜೇಬಲ್ಲೇ ಬಿಟ್ಟಿದ್ನಾ? ನೋಡು, ಇದನ್ನೂ ಮರೆತೆ’ ಎಂದರು.

‘ಮಾವ, ನೀವು ಏನೂ ಮರೆತಿಲ್ಲ’ ಎಂದೆ. ಆಮೇಲೆ ನಿಲ್ಲದೆ ಎಲ್ಲ ಹೇಳಿದೆ. ಕ್ಲಾಸಿನ ಆತುರ, ಮೊಬೈಲಿನ ಪುಟ, ಸೊನ್ನೆ, ಒಂದು, ನಾನು ಓದಿಯೂ ಬಿಟ್ಟ ಎಚ್ಚರಿಕೆ. ತಿಳಿದ ಮೇಲೂ ಬಾಯಿ ಬಿಡದೆ ಹದಿನೈದು ದಿನ ಕಳೆದದ್ದು. ಹೇಳುತ್ತಾ ಹೇಳುತ್ತಾ ಅಳು ಬಂತು. ಅತ್ತರೆ ಅವರೇ ಸಮಾಧಾನ ಮಾಡಲು ಬರುತ್ತಾರೆ ಎಂದು ತಿಳಿದಿದ್ದರಿಂದ ತಡೆದುಕೊಂಡೆ.

ಅವರು ಪೇಪರ್ ಮಡಿಸಿದರು. ‘ಹಾಗಾದ್ರೆ ನಾನು ಹೊಡೆದಿದ್ದೆ?’

‘ಹೊಡೆದಿದ್ರಿ ಮಾವ.’

‘ಗುರುವಾರದ್ದೂ? ಐದೂ ಪುಟ?’

‘ಐದೂ ಪುಟ.’

ಎದ್ದು ಕಂಪ್ಯೂಟರಿನ ಹೊದಿಕೆ ತೆಗೆದರು. ‘ಎಲ್ಲಿ, ತೋರ್ಸು’ ಎಂದರು. ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಆ ಸಾಲಿನ ಹತ್ತಿರಕ್ಕೆ ಬಾಗಿದರು. ‘ಈ ಸೊನ್ನೆ ಒಂದಾಗಿತ್ತು, ಅಷ್ಟೇನಾ?’

‘ಅಷ್ಟೇ ಮಾವ.’

ಅವರು ನಕ್ಕರು. ನನ್ನ ಮೇಲೆ ಕೂಗಾಡುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ ಎಂದು ಸಿದ್ಧಳಾಗಿದ್ದೆ. ನಗುವಿಗೆ ಸಿದ್ಧಳಾಗಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಫೋನ್ ಎತ್ತಿದರು. ‘ಲೋ ಪುಟ್ಟಸ್ವಾಮಿ, ಆ ಲೇಖನ ಯಾರಿಗಾದ್ರೂ ಕೊಟ್ಬಿಟ್ಯೇನೋ? ಕೊಟ್ಟಿದ್ರೆ ಕಿತ್ಕೋ. ರಿಬ್ಬನ್ ಒಣಗಿರ್ಲಿಲ್ಲ ಕಣೋ, ಮಷೀನ್ ಕೈಕೊಟ್ಟಿತ್ತು. ಹೂಂ, ಮಷೀನೇ.’

ನನ್ನ ಹೆಸರು ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಕೀಲಿಮಣೆಯ ಧೂಳನ್ನು ಬೆರಳಿನಿಂದ ಒರೆಸುತ್ತಾ ಕುಳಿತರು. ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು. ‘ಸೊನ್ನೆ ಒಂದು ಆಗ್ಲಿ ಬಿಡು, ಅದು ತಿಳೀದೆ ಆಗಿದ್ದು. ಆದ್ರೆ ಆ ಡಾಕ್ಟ್ರು ಕೇಳಿದಾಗ... ಅವಾಗ ಹೇಳಬಹುದಾಗಿತ್ತಲ್ಲಮ್ಮ.’

ಅಷ್ಟೇ. ಆ ವಿಷಯವಾಗಿ ಅವರು ನನಗೆ ಹೇಳಿದ್ದು ಅದೊಂದೇ ಮಾತು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೋ ಏನೋ.

ಸಂಜೆ ಯಜಮಾನರಿಗೂ ಹೇಳಿದೆ. ಅವರು ನನ್ನ ಮುಖ ನೋಡಿ, ‘ಡಾಕ್ಟರಿಗೆ ಫೋನ್ ಮಾಡಿ ನೀನೇ ಹೇಳು’ ಎಂದರು. ಹೇಳಿದೆ. ಪರೀಕ್ಷೆ ಹೇಗೂ ಮಾಡಿಸಿ ಎಂದರು ಡಾಕ್ಟರ್. ಮಾಡಿಸಿದೆವು, ವಯಸ್ಸಿಗೆ ತಕ್ಕಷ್ಟು ಚೆನ್ನಾಗಿಯೇ ಇದ್ದಾರೆ ಎಂದು ಬಂತು. ನಿಧಿಗೆ ಫೋನಿನಲ್ಲಿ ಹೇಳಿದಾಗ, ‘ಮೊದಲು ತಾತಂಗೆ ಫೋನ್ ಕೊಡಮ್ಮ’ ಎಂದಳು. ಸ್ಮರಣ ಸಂಚಿಕೆಯಲ್ಲಿ ಮಾವನವರ ಲೇಖನ ಪೂರ್ತಿ ಬಂತು, ಬಾವಿಯೂ ದೀಪದ ಕಂಬವೂ ಸೇರಿ. ಸ್ಕೂಟರಿನ ಬೀಗದ ಕೈ ಮತ್ತೆ ಅವರ ಕೋಣೆಯ ಮೊಳೆಗೆ ಹೋಯಿತು.

ನಮ್ಮ ಕಂಪ್ಯೂಟರ್ ಈಗಲೂ ಆರಲು ಏಳು ನಿಮಿಷ ತೆಗೆದುಕೊಳ್ಳುತ್ತದೆ. ನಾಲ್ಕೂವರೆಗೆ ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿ ಕಾಯುತ್ತೇನೆ. ‘ಹೂಂ ಕಣಪ್ಪ, ಬೇಕು, ಬೇಕು’ ಎಂಬ ಧ್ವನಿ ಬಂದ ಮೇಲೆಯೇ ಕಾಫಿ ಬೆರೆಸುತ್ತೇನೆ. ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಆ ಚೀಟಿಯನ್ನು ಅಂದೇ ಹರಿದು ಹಾಕಲು ಹೋಗಿದ್ದೆ. ಮಾವನವರು ಕೈ ಚಾಚಿ ತೆಗೆದುಕೊಂಡರು. ‘ಇರ್ಲಿ ಬಿಡಮ್ಮ. ಇವತ್ತಲ್ಲದಿದ್ರೆ ಮುಂದೆ ಯಾವತ್ತಾದ್ರೂ ಬೇಕಾಗಬಹುದು’ ಎಂದರು. ಮರುದಿನ ಅದನ್ನು ಹೊಸದಾಗಿ ಟೈಪ್ ಮಾಡಿ, ಎದುರು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಅದೇ ಬಸ್ ಪಾಸಿನ ಕವರಿಗೆ ಹಾಕಿಕೊಂಡರು. ಪ್ರತಿ ಸಲ ಬಟ್ಟೆ ಒಗೆಯುವ ಮೊದಲು ಅದನ್ನು ತೆಗೆದಿಟ್ಟು, ಇಸ್ತ್ರಿಯಾದ ಅಂಗಿಯ ಜೇಬಿಗೆ ನಾನೇ ಮರಳಿ ಹಾಕುತ್ತೇನೆ. ಹಾಕುವ ಮುಂಚೆ ಒಮ್ಮೆ ತೆರೆದು ಓದದೆ ಇರಲು ಇದುವರೆಗೆ ನನ್ನಿಂದ ಆಗಿಲ್ಲ. ‘ನನಗೆ ಮರೆವು ಇದೆ’ ಎಂಬ ಸಾಲನ್ನು ಅವರು ತೆಗೆದಿದ್ದಾರೆ. ನನ್ನ ಹೆಸರನ್ನು ತೆಗೆದಿಲ್ಲ.